ಬರ್ತಾ ಬೆಂಜ್: ಗ್ಯಾರೇಜ್ ಇಲ್ಲದ ಕಾಲದ ರಿಪೇರಿ

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಹಾಸ್ಟೆಲ್ ಹಿಂದೆ ಒಂದು ದೊಡ್ಡ ವಾದ ನಡೀತು. ಸೀನಿಯರ್ ಒಬ್ಬರ ಮನೆಯ ಹಳೆ ಕಾರು. ಹಂಪ್ ಹತ್ತಿಸಿದಾಗಲೆಲ್ಲ ಮುಂದಿನ ಎಡಗಡೆಯಿಂದ ಕಟಕಟ ಸದ್ದು. ಬಾನೆಟ್ ಮೂಲೆಯನ್ನು ಒತ್ತಿ ಬಿಟ್ಟರೆ ಕಾರು ಒಂದೇ ಸಲಕ್ಕೆ ನಿಲ್ಲದೆ ಎರಡು ಮೂರು ಸಲ ತೂಗಾಡುತ್ತಿತ್ತು. ಶಾಕ್ ಅಬ್ಸಾರ್ಬರ್ ಹೋಗಿದೆ ಅನ್ನೋದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಗ್ಯಾರೇಜಿನವರು ಹೇಳಿದ ಖರ್ಚಿನಲ್ಲಿ ಲೇಬರ್ ಚಾರ್ಜೇ ದೊಡ್ಡ ಪಾಲು. ಮೆಕ್ಯಾನಿಕಲ್ ಬ್ರಾಂಚಿನವರೇ ಐದು ಜನ ಇದ್ದೀವಿ, ನಾವೇ ಬಿಚ್ಚಿ ಹಾಕೋಣ ಅಂತ ಒಂದು ಗುಂಪು. ಸುಮ್ನೆ ಗ್ಯಾರೇಜಿಗೆ ಕೊಡಿ ಅಂತ ಇನ್ನೊಂದು ಗುಂಪು. ನಾನು ಮೊದಲನೇ ಗುಂಪಿನವನು, ಕೈಯಲ್ಲಿ ಸ್ಪ್ಯಾನರ್ ಹಿಡಿದೇ ನಿಂತಿದ್ದೆ.

ಆ ರಾತ್ರಿ ಒಬ್ಬ ಹೆಂಗಸಿನ ಕಥೆ ಓದಿದೆ. ಗ್ಯಾರೇಜ್, ಪೆಟ್ರೋಲ್ ಬಂಕ್, ಮೆಕ್ಯಾನಿಕ್ ಯಾವುದೂ ಇಲ್ಲದ ಕಾಲದಲ್ಲಿ ಇದೇ ಪ್ರಶ್ನೆಯನ್ನು ಒಂದೇ ಪ್ರಯಾಣದಲ್ಲಿ ಮತ್ತೆ ಮತ್ತೆ ಎದುರಿಸಿದವರು ಆಕೆ. ಇದನ್ನು ನಾನೇ ಮಾಡಲೋ, ಬೇರೆಯವರ ಕೈಗೆ ಕೊಡಲೋ?

ಸಿಸಿಲಿ ಬರ್ತಾ ರಿಂಗರ್ ಹುಟ್ಟಿದ್ದು 1849ರ ಮೇ 3ರಂದು, ಜರ್ಮನಿಯ ಬಾಡೆನ್ ಸೀಮೆಯ ಫೋರ್ಟ್ಸ್‌ಹೈಮ್ ಊರಿನಲ್ಲಿ. ತಂದೆ ಕಟ್ಟಡ ಕೆಲಸದಲ್ಲಿ ಚೆನ್ನಾಗಿ ದುಡಿದ ಬಡಗಿ, ಮನೆಯಲ್ಲಿ ಕೊರತೆ ಇರಲಿಲ್ಲ. ಮಗಳು ಹುಟ್ಟಿದ ದಿನ ಅಪ್ಪ ಮನೆಯ ಬೈಬಲಿನಲ್ಲಿ, ಈ ಸಲವೂ ಹೆಣ್ಣೇ ಆಯ್ತಲ್ಲ ಅನ್ನೋ ಬೇಜಾರನ್ನು ಬರೆದಿಟ್ಟಿದ್ದರಂತೆ. ಹುಡುಗಿ ಮುಂದೆ ಅದನ್ನು ಓದಿ ನೊಂದುಕೊಂಡಳಂತೆ. ಅವಳಿಗೆ ಯಂತ್ರಗಳೆಂದರೆ ಕುತೂಹಲ. ಆದರೆ ಮುಂದೆ ಓದುವ ದಾರಿ ಇರಲಿಲ್ಲ. ಬಾಡೆನ್‌ನ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳಿಗೆ ಪೂರ್ತಿಯಾಗಿ ಬಾಗಿಲು ತೆರೆದದ್ದು 1900ರಲ್ಲಿ. ಆಗ ಬರ್ತಾಗೆ 51 ವರ್ಷ. ಅಷ್ಟು ಹೊತ್ತಿಗೆ ಅವರು ಎಂಜಿನಿಯರಿಂಗ್ ಕಲಿತದ್ದೂ ಆಗಿತ್ತು, ಮಾಡಿ ತೋರಿಸಿದ್ದೂ ಆಗಿತ್ತು.

1869ರಲ್ಲಿ ಒಂದು ಪ್ರವಾಸದಲ್ಲಿ ಆಕೆಗೆ ಕಾರ್ಲ್ ಬೆಂಜ್ ಪರಿಚಯವಾದರು. ಕಾರ್ಲ್ಸ್‌ರೂಹೆಯ ಪಾಲಿಟೆಕ್ನಿಕ್‌ನಲ್ಲಿ ಓದಿದ ಎಂಜಿನಿಯರ್, ತಲೆ ತುಂಬ ಕುದುರೆ ಇಲ್ಲದೆ ಓಡುವ ಗಾಡಿಯ ಕನಸು, ಕೈಯಲ್ಲಿ ಮಾತ್ರ ಕಾಸಿಲ್ಲ. 1871ರಲ್ಲಿ ಕಾರ್ಲ್ ಮಾನ್‌ಹೈಮ್‌ನಲ್ಲಿ ಪಾಲುದಾರರೊಬ್ಬರ ಜೊತೆ ವರ್ಕ್‌ಶಾಪ್ ಶುರು ಮಾಡಿದರು. ಪಾಲುದಾರಿಕೆ ಸರಿಹೋಗಲಿಲ್ಲ, ವರ್ಕ್‌ಶಾಪ್ ಮುಳುಗುವ ಹಂತಕ್ಕೆ ಬಂತು. ಆಗ ಬರ್ತಾ ತನ್ನ ವರದಕ್ಷಿಣೆಯ ಹಣವನ್ನು ಮದುವೆಗೆ ಮೊದಲೇ ತೆಗೆಸಿ, ಪಾಲುದಾರರ ಪಾಲನ್ನು ಬಿಡಿಸಿಕೊಟ್ಟರು. 1872ರ ಜುಲೈಯಲ್ಲಿ ಮದುವೆಯಾಯಿತು. ಮದುವೆಯಾದ ಮೇಲೆ ಅಂದಿನ ಕಾನೂನಿನ ಪ್ರಕಾರ ಅವರ ಹಣಕಾಸಿನ ಅಧಿಕಾರ ಗಂಡನ ಕೈಗೆ ಹೋಯಿತು. ದುಡ್ಡು ಅವರದು, ಹೆಸರು ಮಾತ್ರ ಎಲ್ಲೂ ಇಲ್ಲ.

ಮುಂದಿನ ವರ್ಷಗಳು ಸುಲಭದವಾಗಿರಲಿಲ್ಲ. ಸಾಲ, ಒಂದರ ಹಿಂದೆ ಒಂದರಂತೆ ಮಕ್ಕಳು, ವರ್ಕ್‌ಶಾಪಿನಲ್ಲಿ ಓಡಲೊಲ್ಲದ ಎಂಜಿನ್. 1879ರ ಡಿಸೆಂಬರ್ 31ರ ರಾತ್ರಿ ಊಟ ಮುಗಿಸಿ ಇಬ್ಬರೂ ಇನ್ನೊಂದು ಸಲ ನೋಡೋಣ ಅಂತ ವರ್ಕ್‌ಶಾಪಿಗೆ ಹೋದರು. ಆ ರಾತ್ರಿ ಅವರ ಟೂ ಸ್ಟ್ರೋಕ್ ಎಂಜಿನ್ ನಿಲ್ಲದೆ ಓಡಿತು. ಅಲ್ಲಿಂದ ಆರು ವರ್ಷಕ್ಕೆ ಮೂರು ಚಕ್ರದ ಮೋಟಾರ್ ಗಾಡಿ ತಯಾರಾಯಿತು. ಒಂದೇ ಸಿಲಿಂಡರಿನ, 954 ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್. ಶಕ್ತಿ ಒಂದು ಹಾರ್ಸ್ ಪವರ್ ಕೂಡ ಇಲ್ಲ. 1886ರ ಜನವರಿ 29ರಂದು ಅದರ ಪೇಟೆಂಟ್‌ಗೆ ಅರ್ಜಿ ಹಾಕಿದರು. ಪೇಟೆಂಟ್ ಸಂಖ್ಯೆ 37435. ಅದರಲ್ಲಿ ಇದ್ದದ್ದು ಕಾರ್ಲ್ ಹೆಸರೊಂದೇ.

ಪೇಟೆಂಟ್ ಸಿಕ್ಕಿತು, ಗಿರಾಕಿ ಸಿಗಲಿಲ್ಲ. ಜನ ನಿಂತು ನೋಡ್ತಾ ಇದ್ದರು, ನಗ್ತಾ ಇದ್ದರು, ಕೊಳ್ಳೋಕೆ ಯಾರೂ ಬರಲಿಲ್ಲ. ಕಾರ್ಲ್ ಸ್ವಭಾವ ಏನಪ್ಪಾ ಅಂದ್ರೆ, ಯಂತ್ರ ಪೂರ್ತಿ ಸರಿಯಾಗೋವರೆಗೂ ಹೊರಗೆ ತೋರಿಸಬಾರದು. ಹಾಗಾಗಿ ಗಾಡಿ ಊರಿನ ಆಸುಪಾಸಿನಲ್ಲೇ ಸುತ್ತುತ್ತಿತ್ತು. ಬರ್ತಾಗೆ ಅರ್ಥವಾದದ್ದು ಬೇರೆ. ಗಾಡಿ ನಿಜವಾದ ರಸ್ತೆಯಲ್ಲಿ, ಏರಿನಲ್ಲಿ, ಇಳಿಜಾರಿನಲ್ಲಿ ಓಡಿದ ಹೊರತು ಅದರಲ್ಲಿ ಏನು ಸರಿಯಿಲ್ಲ ಅನ್ನೋದೂ ಗೊತ್ತಾಗಲ್ಲ, ಜನ ನಂಬುವುದೂ ಇಲ್ಲ.

1888ರ ಆಗಸ್ಟ್. ಶಾಲೆಗೆ ರಜೆ. ಒಂದು ಬೆಳಗಿನ ಜಾವ ಕಾರ್ಲ್ ಇನ್ನೂ ಮಲಗಿದ್ದಾಗ ಬರ್ತಾ, 15 ವರ್ಷದ ಓಯ್ಗನ್ ಮತ್ತು 13 ವರ್ಷದ ರಿಚರ್ಡ್ ಸೇರಿ ಗಾಡಿಯನ್ನು ಹೊರಗೆ ತಂದರು. ಗಂಡನಿಗೆ ಹೇಳಲಿಲ್ಲ, ಅಧಿಕಾರಿಗಳ ಅನುಮತಿಯನ್ನೂ ಕೇಳಲಿಲ್ಲ. ಹೊರಟದ್ದು ತವರುಮನೆಗೆ, ಫೋರ್ಟ್ಸ್‌ಹೈಮ್‌ಗೆ. ದೂರ ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಅದಕ್ಕೂ ಮೊದಲು ಮೋಟಾರ್ ಗಾಡಿಯಲ್ಲಿ ಯಾರೂ ಅಷ್ಟು ದೂರ ಹೋಗಿರಲಿಲ್ಲ.

ಮೊದಲು ಮುಗಿದದ್ದು ಇಂಧನ. ಗಾಡಿಗೆ ಬೇಕಾಗಿದ್ದು ಲಿಗ್ರೊಯಿನ್, ಬಟ್ಟೆಯ ಕಲೆ ತೆಗೆಯಲು ಬಳಸುತ್ತಿದ್ದ ಪೆಟ್ರೋಲಿಯಂ ದ್ರವ. ವೀಸ್‌ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಅದನ್ನು ಕೊಂಡು ತುಂಬಿಸಿದರು. ಆ ಅಂಗಡಿಯನ್ನು ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಅಂತ ಇವತ್ತಿಗೂ ತೋರಿಸುತ್ತಾರೆ. ಇನ್ನು ನೀರು. ಎಂಜಿನ್ ತಣ್ಣಗಾಗುತ್ತಿದ್ದದ್ದು ನೀರು ಆವಿಯಾಗಿ ಹೋಗುವುದರಿಂದ. ಹಾಗಾಗಿ ಬಾವಿ, ಹೋಟೆಲು, ಹಳ್ಳ ಎಲ್ಲಿ ಸಿಕ್ಕರೂ ನಿಲ್ಲಿಸಿ ತುಂಬಿಸಬೇಕಿತ್ತು.

ಆಮೇಲೆ ಒಂದೊಂದೇ ತೊಂದರೆ ಶುರುವಾಯಿತು. ಇಂಧನದ ಪೈಪಿನಲ್ಲಿ ಕಸ ಕಟ್ಟಿ ಎಂಜಿನ್ ನಿಂತಿತು. ಬರ್ತಾ ಟೋಪಿಗೆ ಸಿಕ್ಕಿಸಿದ್ದ ಉದ್ದ ಪಿನ್ ತೆಗೆದು ಚುಚ್ಚಿ ಸ್ವಚ್ಛ ಮಾಡಿದರು. ಇಗ್ನಿಷನ್ ವೈರು ಒಂದು ಕಡೆ ಉಜ್ಜಿ ಸವೆದು, ಒಳಗಿನ ಲೋಹ ಬೇರೆ ಲೋಹಕ್ಕೆ ತಾಗಿ ಶಾರ್ಟ್ ಆಗುತ್ತಿತ್ತು, ಕಿಡಿ ಸಿಲಿಂಡರಿಗೆ ತಲುಪುತ್ತಿರಲಿಲ್ಲ. ಅದಕ್ಕೆ ಕಾಲುಚೀಲ ಜಾರದಂತೆ ಕಟ್ಟಿಕೊಂಡಿದ್ದ ಪಟ್ಟಿ ಬಿಚ್ಚಿ ಸುತ್ತಿದರು. ಎರಡೂ ಕೆಲಸಕ್ಕೆ ಬೇಕಾಗಿದ್ದದ್ದು ಎಂಜಿನ್ ಯಾಕೆ ನಿಂತಿತು ಅನ್ನೋ ತಿಳಿವಳಿಕೆ. ಉಪಕರಣ ಮೈಮೇಲೇ ಇತ್ತು.

ಆದರೆ ಚಕ್ರಕ್ಕೆ ಶಕ್ತಿ ಒಯ್ಯುವ ಚೈನ್ ಜಗ್ಗಿ ಉದ್ದವಾದಾಗ ಆಕೆ ಅದನ್ನು ಪಿನ್ನಿನಿಂದ ಸರಿಮಾಡಲು ಹೋಗಲಿಲ್ಲ. ಬ್ರುಖ್‌ಸಾಲ್‌ನಲ್ಲಿ ಕಮ್ಮಾರನ ಹತ್ತಿರ ಗಾಡಿ ನಿಲ್ಲಿಸಿದರು. ಕುಲುಮೆ, ಅಡಿಗಲ್ಲು, ಸುತ್ತಿಗೆ ಆತನ ಹತ್ತಿರ ಇತ್ತು. ಆ ಕಮ್ಮಾರ ಹುಟ್ಟಿದಮೇಲೆ ಇಂಥ ಗಾಡಿ ನೋಡಿರಲಾರ. ಏನು ಕೆಟ್ಟಿದೆ, ಏನು ಮಾಡಬೇಕು ಅಂತ ಗೊತ್ತಿದ್ದದ್ದು ಗಾಡಿ ತಂದವರಿಗೆ.

ಎಲ್ಲಕ್ಕಿಂತ ಗಂಭೀರವಾದದ್ದು ಬ್ರೇಕ್. ಗಾಡಿಯ ಬ್ರೇಕ್ ಅಂದರೆ ಮರದ ತುಂಡುಗಳು. ಇಳಿಜಾರಿನಲ್ಲಿ ಒತ್ತಿ ಒತ್ತಿ ಅವು ಸವೆದುಹೋದವು. ಮುಂದೆ ಇನ್ನೂ ಇಳಿಜಾರಿದೆ, ಪಕ್ಕದಲ್ಲಿ ಇಬ್ಬರು ಮಕ್ಕಳು. ಬರ್ತಾ ದಾರಿಯ ಒಂದು ಊರಿನಲ್ಲಿ ಚಪ್ಪಲಿ ಹೊಲಿಯುವವರ ಅಂಗಡಿಗೆ ಹೋಗಿ, ಬ್ರೇಕಿನ ಮರದ ತುಂಡಿಗೆ ಚರ್ಮ ಹೊಡೆಸಿದರು. ಇವತ್ತು ನಾವು ಬ್ರೇಕ್ ಲೈನಿಂಗ್ ಅಂತ ಕರೆಯುವುದರ ಮೊದಲ ರೂಪ ಇದು ಅಂತ ಹೇಳುತ್ತಾರೆ. ಯೋಚನೆ ಆಕೆಯದು, ಕೈ ಮಾತ್ರ ಚರ್ಮದ ಕೆಲಸ ಬಲ್ಲವನದು.

ಏರು ಬಂದಾಗ ಎಂಜಿನ್ ಸೋಲುತ್ತಿತ್ತು. ಅಂಥ ಕಡೆ ಇಳಿದು ತಳ್ಳಿದರು. ಕತ್ತಲಾಗುವ ಹೊತ್ತಿಗೆ ಫೋರ್ಟ್ಸ್‌ಹೈಮ್ ಸೇರಿ ಕಾರ್ಲ್‌ಗೆ ಟೆಲಿಗ್ರಾಮ್ ಕಳಿಸಿದರು. ಕೆಲವು ದಿನ ಬಿಟ್ಟು ಅದೇ ಗಾಡಿಯಲ್ಲಿ ವಾಪಸ್ ಬಂದರು.

ವಾಪಸ್ ಬಂದಾಗ ಆಕೆ ತಂದದ್ದು ಒಂದು ಫೀಲ್ಡ್ ಟೆಸ್ಟ್ ರಿಪೋರ್ಟ್ ಅನ್ನಬಹುದು. ಬ್ರೇಕಿಗೆ ಚರ್ಮ ಬೇಕು, ಏರು ಹತ್ತಲು ಇನ್ನೊಂದು ಕಡಿಮೆ ಗೇರ್ ಬೇಕು. ಕಾರ್ಲ್ ಆ ಗೇರ್ ಸೇರಿಸಿದರು. ಅದೇ ವರ್ಷ ಮ್ಯೂನಿಕ್ ಪ್ರದರ್ಶನದಲ್ಲಿ ಗಾಡಿಗೆ ಚಿನ್ನದ ಪದಕ ಬಂತು. ನಿಧಾನವಾಗಿ ಗಿರಾಕಿಗಳೂ ಬಂದರು. ಶತಮಾನ ಮುಗಿಯುವ ಹೊತ್ತಿಗೆ ಬೆಂಜ್ ಕಂಪನಿ ಜಗತ್ತಿನ ಅತಿ ದೊಡ್ಡ ಕಾರು ತಯಾರಕ. 1899ರಲ್ಲಿ 572 ಗಾಡಿ ಮಾಡಿತ್ತು. ಮುಂದೆ ಆಡಳಿತದ ಜೊತೆ ಹೊಂದದೆ ಕಾರ್ಲ್ 1903ರಲ್ಲಿ ಹೊರಬಂದರು. ಸಂಸಾರ ಲಾಡೆನ್‌ಬುರ್ಗ್ ಊರಿನಲ್ಲಿ ನೆಲೆಸಿತು. 1926ರಲ್ಲಿ ಬೆಂಜ್ ಮತ್ತು ಡೈಮ್ಲರ್ ಕಂಪನಿಗಳು ಒಂದಾದವು. 1929ರ ಏಪ್ರಿಲ್‌ನಲ್ಲಿ ಕಾರ್ಲ್ ತೀರಿಕೊಂಡರು.

ಬರ್ತಾ ಅದರ ಮೇಲೂ 15 ವರ್ಷ ಬದುಕಿದರು. 1944ರ ಮೇ 3ರಂದು, 95ನೇ ಹುಟ್ಟುಹಬ್ಬದ ದಿನ, ಕಾರ್ಲ್ಸ್‌ರೂಹೆಯ ತಾಂತ್ರಿಕ ವಿಶ್ವವಿದ್ಯಾಲಯ ಅವರಿಗೆ ಗೌರವ ಸೆನೆಟರ್ ಪದವಿ ಕೊಟ್ಟಿತು. ಗಂಡ ಓದಿದ ಅದೇ ಸಂಸ್ಥೆ. ಆಕೆ ಹುಡುಗಿಯಾಗಿದ್ದಾಗ ಒಳಗೆ ಬಿಡದಿದ್ದ ಅಂಥದೇ ಬಾಗಿಲು. ಎರಡೇ ದಿನಕ್ಕೆ, ಮೇ 5ರಂದು, ತೀರಿಕೊಂಡರು. ಆಕೆ ಹೋಗಿ ಬಂದ ದಾರಿಗೆ 2008ರಲ್ಲಿ ಅವರದೇ ಹೆಸರಿಟ್ಟರು.

ಈ ಕಥೆಯನ್ನು ಸಾಮಾನ್ಯವಾಗಿ ಧೈರ್ಯದ ಕಥೆ ಅಂತ ಹೇಳ್ತಾರೆ. ಧೈರ್ಯ ಇತ್ತು, ಇಲ್ಲ ಅನ್ನಲ್ಲ. ಆದರೆ ನನಗೆ ಹಿಡಿಸಿದ್ದು ಆಕೆ ಕೆಲಸ ಹಂಚಿದ ರೀತಿ. ತೊಂದರೆ ಏನು ಅನ್ನೋದನ್ನು ಪ್ರತಿ ಸಲವೂ ತಾನೇ ಕಂಡುಹಿಡಿದರು, ಅದನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ತಪ್ಪಿದರೆ ಎಂಜಿನ್ ನಿಲ್ಲುತ್ತೆ ಅಷ್ಟೇ ಅನ್ನೋ ಕೆಲಸವನ್ನು ತಾನೇ ಮಾಡಿದರು. ಸರಿಯಾದ ಉಪಕರಣ ಬೇಕಾದ ಕಡೆ, ತಪ್ಪಿದರೆ ಮಕ್ಕಳ ಜೀವಕ್ಕೆ ಬರುವ ಕಡೆ, ಆ ಕೆಲಸ ಬಲ್ಲವರನ್ನು ಹುಡುಕಿದರು. ಅದರಿಂದ ಅವರ ಎಂಜಿನಿಯರಿಂಗ್ ಏನೂ ಕಡಿಮೆಯಾಗಲಿಲ್ಲ.

ಈಗ ಹಾಸ್ಟೆಲ್ ಹಿಂದಿನ ಕಾರಿಗೆ ಬರೋಣ. ಮಾರನೇ ದಿನ ಸ್ಪ್ಯಾನರ್ ಕೆಳಗಿಟ್ಟು ಮೊದಲು ಲೆಕ್ಕ ಮಾಡಿದೆವು. ನಮ್ಮ ಕಾರಿನ ಮುಂದಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಶಾಕ್ ಅಬ್ಸಾರ್ಬರ್ ಸುತ್ತ ಕಾಯಿಲ್ ಸ್ಪ್ರಿಂಗ್ ಒತ್ತಿಕೊಂಡು ಕೂತಿರುತ್ತೆ, ಮೇಲಿನ ನಡುವಿನ ನಟ್ ಅದನ್ನು ಹಿಡಿದಿರುತ್ತೆ. ಒಂದು ಉದಾಹರಣೆ ತೆಗೆದುಕೊಳ್ಳಿ: ಸ್ಪ್ರಿಂಗಿನ ಬಿಗುವು ಮಿಲಿಮೀಟರಿಗೆ 20 ನ್ಯೂಟನ್, ಒತ್ತಿಕೊಂಡಿರುವುದು 150 ಮಿಲಿಮೀಟರ್. ಅರ್ಧ ಕೆ ಎಕ್ಸ್ ಸ್ಕ್ವೇರ್ ಹಾಕಿದರೆ 225 ಜೌಲ್. ಹತ್ತು ಕೆಜಿ ಕಲ್ಲು ಎರಡು ಮೀಟರಿಗಿಂತ ಎತ್ತರದಿಂದ ಮುಖದ ಮೇಲೆ ಬಿದ್ದ ಹಾಗೆ. ಸ್ಪ್ರಿಂಗ್ ಕಂಪ್ರೆಸರ್ ಹಾಕದೆ ಆ ನಟ್ ಬಿಚ್ಚಿದರೆ ಅಷ್ಟೂ ಶಕ್ತಿ ಒಂದೇ ಕ್ಷಣಕ್ಕೆ ಹೊರಗೆ ಬರುತ್ತೆ. ಹಿಂದಿನ ದಿನ ನಾನು ಸ್ಪ್ಯಾನರ್ ಹಿಡಿದು ನಿಂತಿದ್ದದ್ದು ಅದೇ ನಟ್ ಬಿಚ್ಚೋಕೆ. ಸೆಕೆಂಡ್ ಇಯರ್‌ನಲ್ಲಿ ಆ ಫಾರ್ಮುಲಾ ಬರೆದು ಮಾರ್ಕ್ಸ್ ತಗೊಂಡಿದ್ದೆ, ಕೈಗೆ ಮಾತ್ರ ಅದು ನೆನಪಿರಲಿಲ್ಲ.

ಸರಿ, ಕೆಲಸ ಹಂಚಿಕೊಂಡೆವು. ಕಟಕಟ ಸದ್ದು ಬರುತ್ತಿದ್ದದ್ದು ಸ್ಟೆಬಿಲೈಸರ್ ಲಿಂಕಿನಿಂದ ಅಂತ ಕೈಯಲ್ಲಿ ಅಲ್ಲಾಡಿಸಿ ನೋಡಿದಾಗ ಗೊತ್ತಾಯಿತು. ಕಾರನ್ನು ಬರೀ ಜಾಕ್ ಮೇಲೆ ಬಿಡದೆ ಸ್ಟ್ಯಾಂಡ್ ಕೊಟ್ಟು, ಎರಡೂ ಕಡೆ ಲಿಂಕ್ ನಾವೇ ಬದಲಿಸಿದೆವು. ಎರಡೆರಡು ನಟ್, ಒಂದು ಮಧ್ಯಾಹ್ನದ ಕೆಲಸ. ಶಾಕ್ ಅಬ್ಸಾರ್ಬರ್ ಜೋಡಿಯನ್ನು ಗ್ಯಾರೇಜಿಗೆ ಕೊಟ್ಟೆವು, ಯಾಕಂದ್ರೆ ಸ್ಪ್ರಿಂಗ್ ಕಂಪ್ರೆಸರ್ ಅಲ್ಲಿತ್ತು, ಸ್ಟ್ರಟ್ ಬಿಚ್ಚಿ ಹಾಕಿದ ಮೇಲೆ ಮಾಡಿಸಲೇಬೇಕಾದ ವೀಲ್ ಅಲೈನ್‌ಮೆಂಟಿನ ಮೆಷೀನೂ ಅಲ್ಲೇ ಇತ್ತು. ಆದರೆ ಕೀ ಕೊಟ್ಟು ಕ್ಯಾಂಟೀನಿಗೆ ಹೋಗಲಿಲ್ಲ. ಪಕ್ಕದಲ್ಲೇ ನಿಂತು ನೋಡಿದೆವು. ಮೆಕ್ಯಾನಿಕ್ ಅಣ್ಣ ಹಳೆ ಮೌಂಟ್ ಬೇರಿಂಗ್ ಕೈಗೆ ಕೊಟ್ಟು ತಿರುಗಿಸಿ ನೋಡಿ ಅಂದರು. ಮರಳು ಅರೆದ ಹಾಗೆ ಇತ್ತು. ನಮ್ಮ ಐದು ಜನರ ವಾದದಲ್ಲಿ ಆ ಬೇರಿಂಗಿನ ಹೆಸರನ್ನೇ ಯಾರೂ ಎತ್ತಿರಲಿಲ್ಲ.

ಆ ಬೇರಿಂಗ್ ಈಗ ನನ್ನ ಟೇಬಲ್ ಮೇಲಿದೆ.