ಮೇರಿ ವರ್ಗೀಸ್

ಡಾ. ಮೇರಿ ವರ್ಗೀಸ್ (೧೯೨೫–೧೯೮೬) ಭಾರತದ ವೈದ್ಯೆ, ಶಸ್ತ್ರಚಿಕಿತ್ಸಕಿ ಹಾಗೂ ದೇಶದಲ್ಲಿ ಪುನರ್ವಸತಿ ವೈದ್ಯಕೀಯಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರು. ಬೆನ್ನುಹುರಿಗೆ ಪೆಟ್ಟಾಗಿ ಎರಡೂ ಕಾಲುಗಳ ಸ್ವಾಧೀನ ಕಳೆದುಕೊಂಡ ಬಳಿಕ ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ನಡೆಸಿದ ಅವರು, ಮುಂದೆ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಪುನರ್ವಸತಿ ವಿಭಾಗವನ್ನು ಮುನ್ನಡೆಸಿದರು. ೧೯೭೨ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿ ಗೌರವಿಸಿತು.

ಆರಂಭಿಕ ಜೀವನ

ಮೇರಿ ವರ್ಗೀಸ್ ಅವರು ಕೊಚ್ಚಿ ಸಮೀಪದ ಚೆರಾಯಿ ಗ್ರಾಮದಲ್ಲಿ ಜನಿಸಿದರು. ವೈದ್ಯಕೀಯ ಶಿಕ್ಷಣವನ್ನು ವೆಲ್ಲೂರಿನಲ್ಲಿ ಪಡೆದರು. ಈ ಕಾಲೇಜನ್ನು ೧೯೧೮ರಲ್ಲಿ ಐಡಾ ಸ್ಕಡರ್ ಅವರು ಮಹಿಳೆಯರಿಗಾಗಿಯೇ ಆರಂಭಿಸಿದ್ದರು. ೧೯೪೭ರಿಂದ ಪುರುಷರಿಗೂ ಪ್ರವೇಶ ದೊರೆಯಿತು. ವ್ಯಾಸಂಗದ ನಂತರ ಮೇರಿ ಅವರು ಅಲ್ಲಿಯೇ ವೈದ್ಯೆಯಾಗಿ ಸೇವೆಗೆ ಸೇರಿದರು.

ಅಪಘಾತ ಮತ್ತು ಶಸ್ತ್ರಚಿಕಿತ್ಸೆ

೧೯೫೪ರಲ್ಲಿ ಸಹೋದ್ಯೋಗಿಗಳೊಡನೆ ಪ್ರಯಾಣಿಸುತ್ತಿದ್ದ ವಾಹನವು ಅಪಘಾತಕ್ಕೀಡಾಗಿ ಅವರ ಮುಖಕ್ಕೂ ಬೆನ್ನುಹುರಿಗೂ ತೀವ್ರ ಗಾಯಗಳಾದವು. ಮತ್ತೆ ನಡೆಯುವುದು ಸಾಧ್ಯವಾಗಲಿಲ್ಲ. ವೃತ್ತಿಜೀವನವೇ ಮುಗಿಯಿತೆಂಬ ಸ್ಥಿತಿಯಲ್ಲಿ, ಅದೇ ಆಸ್ಪತ್ರೆಯ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅವರು ಕೈಯ ಶಸ್ತ್ರಚಿಕಿತ್ಸೆಯನ್ನು ಕೈಗೆತ್ತಿಕೊಳ್ಳುವಂತೆ ಪ್ರೋತ್ಸಾಹಿಸಿದರು. ಅದನ್ನು ಕುಳಿತುಕೊಂಡೇ ಮಾಡಬಹುದಾಗಿತ್ತು.

ಕುಷ್ಠರೋಗದಲ್ಲಿ ಕೈಕಾಲುಗಳ ನರಗಳು ಹಾನಿಗೊಂಡು ಬೆರಳುಗಳು ಮಡಚಿಕೊಳ್ಳುತ್ತವೆ. ನೋವಿನ ಅರಿವೂ ಹೋಗುತ್ತದೆ. ಸುಟ್ಟರೂ ಕೊಯ್ದರೂ ತಿಳಿಯದ ಕಾರಣ ಗಾಯಗಳು ಹೆಚ್ಚಿ ಅಂಗಗಳು ನಾಶವಾಗುತ್ತವೆ ಎಂಬುದನ್ನು ಬ್ರ್ಯಾಂಡ್ ಅವರ ಕಾರ್ಯವು ಸ್ಪಷ್ಟಪಡಿಸಿತ್ತು. ಸ್ನಾಯುರಜ್ಜುಗಳನ್ನು ಸ್ಥಳಾಂತರಿಸಿ ಬೆರಳುಗಳಿಗೆ ಚಲನೆ ಮರಳಿಸುವ ಶಸ್ತ್ರಚಿಕಿತ್ಸೆಗಳಲ್ಲಿ ಮೇರಿ ವರ್ಗೀಸ್ ಪರಿಣತಿ ಪಡೆದರು. ತಮ್ಮ ಕಾಲುಗಳನ್ನು ಬಳಸಲಾಗದ ವೈದ್ಯೆಯೊಬ್ಬರು ಇತರರ ಕೈಗಳಿಗೆ ದುಡಿಯುವ ಶಕ್ತಿ ಮರಳಿಸಿದ್ದು ರೋಗಿಗಳ ಮೇಲೂ ಪ್ರಭಾವ ಬೀರಿತು.

ಪುನರ್ವಸತಿ ಕ್ಷೇತ್ರದಲ್ಲಿ

ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಅವರು ಸ್ವತಃ ಪುನರ್ವಸತಿ ಚಿಕಿತ್ಸೆ ಪಡೆದರು. ಅನಂತರ ನ್ಯೂಯಾರ್ಕಿನಲ್ಲಿ ಹೋವರ್ಡ್ ರಸ್ಕ್ ಅವರು ಸ್ಥಾಪಿಸಿದ್ದ ಸಂಸ್ಥೆಯಲ್ಲಿ ಉನ್ನತ ತರಬೇತಿ ಹೊಂದಿದರು. ಗಾಯವನ್ನಷ್ಟೇ ಅಲ್ಲ, ವ್ಯಕ್ತಿಯ ದೇಹ, ಮನಸ್ಸು, ಕುಟುಂಬ ಮತ್ತು ದುಡಿಮೆಯನ್ನು ಒಟ್ಟಾಗಿ ಗಮನಿಸಬೇಕೆಂಬುದು ರಸ್ಕ್ ಅವರ ಪದ್ಧತಿಯ ತಿರುಳಾಗಿತ್ತು. ೧೯೬೦ರ ದಶಕದ ಆರಂಭದಲ್ಲಿ ವೆಲ್ಲೂರಿಗೆ ಮರಳಿದ ಮೇರಿ ಅವರು ಭೌತಿಕ ವೈದ್ಯಕೀಯ ಮತ್ತು ಪುನರ್ವಸತಿ ವಿಭಾಗದ ಮುಖ್ಯಸ್ಥರಾದರು. ೧೯೬೬ರಲ್ಲಿ ಅಲ್ಲಿ ಆರಂಭವಾದ ಪುನರ್ವಸತಿ ಸಂಸ್ಥೆಯನ್ನು ರೋಗಿಗಳು ಒಳರೋಗಿಗಳಾಗಿ ಉಳಿದು ತರಬೇತಿ ಪಡೆಯುವ ಭಾರತದ ಮೊದಲ ಕೇಂದ್ರವೆಂದು ಗುರುತಿಸಲಾಗುತ್ತದೆ.

ಬೆನ್ನುಹುರಿ ಗಾಯ ಮತ್ತು ನರನೋವು

ಅವರು ದುಡಿದ ಕ್ಷೇತ್ರದ ಕಠಿಣ ಸಮಸ್ಯೆಗಳಲ್ಲಿ ನರನೋವು ಒಂದು. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಸುಮಾರು ಅರ್ಧದಷ್ಟು ಜನರನ್ನು ಇದು ಬಾಧಿಸುತ್ತದೆ. ಸ್ಪರ್ಶ, ಬಿಸಿ, ಒತ್ತಡಗಳ ಅರಿವಿಲ್ಲದ ಕಾಲಿನಲ್ಲಿಯೇ ಉರಿ, ಚುಚ್ಚುವಿಕೆ, ವಿದ್ಯುತ್ ಹರಿದಂತಹ ಸೆಳೆತ ಕಾಣಿಸಿಕೊಳ್ಳುತ್ತದೆ. ಮರಗಟ್ಟಿದ ಕಾಲು ನೋಯುವುದು ಹೇಗೆಂದು ಮನೆಯವರು ಸಂಶಯಿಸುವುದುಂಟು. ಆದರೆ ಇದು ಭ್ರಮೆಯಲ್ಲ. ಹಾನಿಗೊಂಡ ನರಮಾರ್ಗದ ಕೋಶಗಳು ಹೊರಗಿನ ಪ್ರಚೋದನೆಯಿಲ್ಲದೆಯೂ ಮಿದುಳಿಗೆ ನೋವಿನ ಸಂಕೇತ ಕಳುಹಿಸುತ್ತವೆ. ಸಾಮಾನ್ಯ ನೋವುನಿವಾರಕಗಳು ಇದಕ್ಕೆ ಹೆಚ್ಚು ಫಲ ನೀಡುವುದಿಲ್ಲ. ಇಂದು ಬಳಕೆಯಲ್ಲಿರುವ ಗ್ಯಾಬಾಪೆಂಟಿನ್, ಪ್ರೆಗ್ಯಾಬಲಿನ್ ಔಷಧಗಳು ಮೇರಿ ಅವರ ಜೀವಿತಾವಧಿಯ ನಂತರವೇ ಚಿಕಿತ್ಸೆಗೆ ಬಂದವು. ಅವು ಕೂಡ ಅನೇಕರಲ್ಲಿ ನೋವನ್ನು ತಗ್ಗಿಸುತ್ತವೆಯೇ ಹೊರತು ಪೂರ್ಣವಾಗಿ ನೀಗಿಸುವುದಿಲ್ಲ. ಆದ್ದರಿಂದಲೇ ನೋವು ಹೋಗುವವರೆಗೆ ಕಾಯದೆ, ಅದು ಇರುವಾಗಲೇ ಕುಳಿತುಕೊಳ್ಳುವ, ಓಡಾಡುವ ಮತ್ತು ದುಡಿಯುವ ಅಭ್ಯಾಸ ಮಾಡಿಸುವ ಪುನರ್ವಸತಿಗೆ ಮಹತ್ವವಿದೆ.

ಕರ್ನಾಟಕದ ಗ್ರಾಮೀಣ ಪ್ರದೇಶಗಳಿಗೂ ಈ ವಿಷಯ ಹೊರತಾದುದಲ್ಲ. ಮರದಿಂದ ಬೀಳುವುದು ಮತ್ತು ರಸ್ತೆ ಅಪಘಾತ ಭಾರತದಲ್ಲಿ ಬೆನ್ನುಹುರಿ ಗಾಯಕ್ಕೆ ಪ್ರಮುಖ ಕಾರಣಗಳು. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಭಾಗದ ಅಡಿಕೆ ತೋಟಗಳಲ್ಲಿ ಕೊನೆ ಕೊಯ್ಯುವವರಿಗೆ ಮೊದಲನೆಯ ಅಪಾಯ ಸದಾ ಇದೆ. ಜಗಳೂರಿನಂತಹ ಬಯಲುಸೀಮೆಯ ತಾಲ್ಲೂಕಿನಲ್ಲಿ ಗಾಯಗೊಂಡವರಿಗೂ ಆಸ್ಪತ್ರೆಯಿಂದ ಬಿಡುಗಡೆಯಾದ ಬಳಿಕದ ಆರೈಕೆ ಮನೆಯಲ್ಲಿಯೇ ನಡೆಯಬೇಕು. ಹಾಸಿಗೆ ಹುಣ್ಣು, ಮೂತ್ರದ ಸೋಂಕು ಮತ್ತು ಮಲಬದ್ಧತೆಗಳು ನರನೋವನ್ನು ಉಲ್ಬಣಗೊಳಿಸುತ್ತವೆ. ರೋಗಿಯ ಮಗ್ಗುಲನ್ನು ನಿಯಮಿತವಾಗಿ ಬದಲಿಸುವುದು, ಚರ್ಮವನ್ನು ದಿನವೂ ಪರೀಕ್ಷಿಸುವುದು, ಮೂತ್ರಕೋಶದ ಶುಚಿತ್ವ ಕಾಯುವುದು ಮನೆಯವರು ಕಲಿಯಬಹುದಾದ ಕ್ರಮಗಳು. ನೋವು ಇದ್ದಕ್ಕಿದ್ದಂತೆ ಹೆಚ್ಚಿದರೆ ವೈದ್ಯರ ತಪಾಸಣೆ ಅಗತ್ಯ.

ನಿಧನ ಮತ್ತು ಸ್ಮರಣೆ

ಮೇರಿ ವರ್ಗೀಸ್ ಅವರು ೧೯೮೬ರ ಡಿಸೆಂಬರಿನಲ್ಲಿ ನಿಧನರಾದರು. ಅಪಘಾತದ ನಂತರ ಅವರು ಮೂರು ದಶಕಗಳಿಗೂ ಹೆಚ್ಚು ಕಾಲ ಬದುಕಿದ್ದರು. ಅವರ ಜೀವನವನ್ನು ಕುರಿತು ಡೊರೊಥಿ ಕ್ಲಾರ್ಕ್ ವಿಲ್ಸನ್ ಬರೆದ ಇಂಗ್ಲಿಷ್ ಕೃತಿ ೧೯೬೩ರಲ್ಲಿ ಪ್ರಕಟವಾಯಿತು. ವೆಲ್ಲೂರಿನ ಪುನರ್ವಸತಿ ಸಂಸ್ಥೆಗೆ ಈಗ ಅವರ ಹೆಸರನ್ನೇ ಇಡಲಾಗಿದೆ.