ಫ್ರಾಂಟಿಶೆಕ್ ಯಾನೆಚೆಕ್

ಫ್ರಾಂಟಿಶೆಕ್ ಯಾನೆಚೆಕ್ (ಜನವರಿ 23, 1878 – ಜೂನ್ 4, 1941) ಚೆಕ್ ದೇಶದ ಎಂಜಿನಿಯರ್, ಶಸ್ತ್ರಾಸ್ತ್ರ ವಿನ್ಯಾಸಕ ಮತ್ತು ಉದ್ಯಮಿ. ಜಾವಾ ಮೋಟಾರ್‌ಸೈಕಲ್ ಸಂಸ್ಥೆಯನ್ನು ಸ್ಥಾಪಿಸಿದವರು ಇವರೇ. ಯಾನೆಚೆಕ್ ಎಂಬ ಕುಲನಾಮದ ಮೊದಲ ಭಾಗಕ್ಕೆ ಜರ್ಮನಿಯ ವಾಂಡರರ್ ಸಂಸ್ಥೆಯ ಹೆಸರಿನ ಮೊದಲ ಭಾಗವನ್ನು ಕೂಡಿಸಿ ಜಾವಾ ಎಂಬ ಹೆಸರನ್ನು ರೂಪಿಸಲಾಯಿತು. ಇದೇ ಹೆಸರಿನ ದ್ವೀಪಕ್ಕೂ ಈ ವಾಹನಕ್ಕೂ ಸಂಬಂಧವಿಲ್ಲ. ಚೆಕ್ ಭಾಷೆಯಲ್ಲಿ ಇದರ ಮೊದಲಕ್ಷರವನ್ನು ಯಕಾರವಾಗಿ ಉಚ್ಚರಿಸುತ್ತಾರೆ. ಕರ್ನಾಟಕದಲ್ಲಿ ಜಾವಾ ಎಂದೇ ರೂಢಿಯಾಗಿದೆ. 1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ಮೋಟಾರ್‌ಸೈಕಲ್ಲುಗಳ ಮೂಲಕ ಯಾನೆಚೆಕ್ ಅವರ ಕೆಲಸವು, ಅವರ ಹೆಸರನ್ನೇ ಕೇಳಿರದ ಊರುಗಳನ್ನೂ ತಲುಪಿತು.

ಬಾಲ್ಯ ಮತ್ತು ಶಿಕ್ಷಣ

ಯಾನೆಚೆಕ್ ಅವರು ಪೂರ್ವ ಬೊಹೀಮಿಯಾದ ಕ್ಲಾಷ್ಟೆರ್ ನಾದ್ ಡೆಡಿನೌ ಎಂಬ ಸಣ್ಣ ಗ್ರಾಮದಲ್ಲಿ ಜನಿಸಿದರು. ಆ ಪ್ರದೇಶವು ಆಗ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿತ್ತು. ಪ್ರಾಗ್ ನಗರದಲ್ಲಿ ತಾಂತ್ರಿಕ ಶಿಕ್ಷಣ ಪಡೆದು, ಮುಂದಿನ ವ್ಯಾಸಂಗಕ್ಕಾಗಿ ಬರ್ಲಿನ್‌ಗೆ ತೆರಳಿದರು. ವಿದ್ಯುತ್ ಯಂತ್ರಗಳನ್ನು ತಯಾರಿಸುತ್ತಿದ್ದ ಶುಕರ್ಟ್ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ ಅವರನ್ನು ಸಂಸ್ಥೆಯು ಚಿಕ್ಕ ವಯಸ್ಸಿನಲ್ಲೇ ನೆದರ್ಲೆಂಡ್ಸ್‌ಗೆ ಕಳುಹಿಸಿತು. ತಾಯ್ನಾಡಿಗೆ ಮರಳಿದ ಬಳಿಕ ಸ್ವಂತ ಕಾರ್ಯಾಗಾರ ತೆರೆದು, ತಮ್ಮ ಹಲವು ಆವಿಷ್ಕಾರಗಳಿಗೆ ಪೇಟೆಂಟ್ ಪಡೆದರು.

ಶಸ್ತ್ರಾಸ್ತ್ರ ಉದ್ಯಮ

ಮೊದಲನೆಯ ಮಹಾಯುದ್ಧದಲ್ಲಿ ಯಾನೆಚೆಕ್ ಅವರು ಇಟಲಿಯ ರಣರಂಗದಲ್ಲಿದ್ದರು. ಕೈಬಾಂಬುಗಳ ವಿನ್ಯಾಸವನ್ನು ಸುಧಾರಿಸಿದ್ದರಿಂದ ಸೈನ್ಯದಲ್ಲಿ ಅವರ ಹೆಸರು ಪ್ರಚಾರಕ್ಕೆ ಬಂದಿತು. 1918ರಲ್ಲಿ ಚೆಕೊಸ್ಲೊವಾಕಿಯ ಸ್ವತಂತ್ರ ರಾಷ್ಟ್ರವಾಯಿತು. ಹೊಸ ಸೈನ್ಯಕ್ಕೆ ಬೇಕಾದ ಸಾಮಗ್ರಿಗಳ ಬೇಡಿಕೆ ಅವರಿಗೆ ದೊರೆಯಿತು. ಪ್ರಾಗ್‌ನ ನುಸ್ಲೆ ಬಡಾವಣೆಯಲ್ಲಿ ಅವರ ಶಸ್ತ್ರಾಸ್ತ್ರ ಕಾರ್ಖಾನೆ ಬೆಳೆಯಿತು. ಸಾಮ್ರಾಜ್ಯದ ಕಾಲದಿಂದ ಉಳಿದಿದ್ದ ಶ್ವಾರ್ಜ್‌ಲೋಸೆ ಮಷೀನ್‌ಗನ್‌ಗಳನ್ನು ಹೊಸ ಅಳತೆಯ ಗುಂಡುಗಳಿಗೆ ಹೊಂದಿಸಿಕೊಡುವ ಕೆಲಸವನ್ನೂ ಈ ಕಾರ್ಖಾನೆ ನಿರ್ವಹಿಸಿತು.

ಯಾನೆಚೆಕ್ ಎಂಬ ಕುಲನಾಮಕ್ಕೆ ಚೆಕ್ ಭಾಷೆಯಲ್ಲಿ ಪುಟ್ಟ ಜಾನ್ ಎಂಬರ್ಥ ಬರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ಬಳಸಿದ ಲಿಟಲ್‌ಜಾನ್ ಎಂಬ ಫಿರಂಗಿ ಸಾಧನಕ್ಕೆ ಆ ಹೆಸರು ಬಂದದ್ದು ಈ ಕುಲನಾಮದ ಅನುವಾದದಿಂದಲೇ.

1920ರ ದಶಕದ ಕೊನೆಯ ಹೊತ್ತಿಗೆ ಶಸ್ತ್ರಾಸ್ತ್ರಗಳ ಬೇಡಿಕೆ ಇಳಿಯತೊಡಗಿತು. ಕಾರ್ಖಾನೆ, ಯಂತ್ರಗಳು, ನುರಿತ ಕಾರ್ಮಿಕರು ಎಲ್ಲವೂ ಇದ್ದವು. ತಯಾರಿಸಲು ಬೇರೆ ಸರಕು ಬೇಕಾಗಿತ್ತು. ಯಾನೆಚೆಕ್ ಮೋಟಾರ್‌ಸೈಕಲನ್ನು ಆರಿಸಿಕೊಂಡರು.

ಮೊದಲ ಜಾವಾ ಮತ್ತು ಅದರ ಸೋಲು

ಹೊಸದಾಗಿ ವಾಹನವೊಂದನ್ನು ವಿನ್ಯಾಸಗೊಳಿಸುವ ಬದಲು, ಜರ್ಮನಿಯ ವಾಂಡರರ್ ಸಂಸ್ಥೆಯ 500 ಸಿಸಿ ಮೋಟಾರ್‌ಸೈಕಲ್ಲಿನ ತಯಾರಿಕಾ ಹಕ್ಕನ್ನು ಅವರು ಖರೀದಿಸಿದರು. ಅಚ್ಚೊತ್ತಿದ ಉಕ್ಕಿನ ತಗಡಿನ ಚೌಕಟ್ಟು, ಚೈನ್ ಬದಲಿಗೆ ಶಾಫ್ಟ್ ಮೂಲಕ ಹಿಂದಿನ ಚಕ್ರಕ್ಕೆ ಶಕ್ತಿ ರವಾನೆ ಇವು ಆ ಕಾಲಕ್ಕೆ ಮುಂದುವರಿದ ವ್ಯವಸ್ಥೆಗಳಾಗಿದ್ದವು. 1929ರ ಅಕ್ಟೋಬರ್‌ನಲ್ಲಿ ಪ್ರಾಗ್‌ನ ವಾಹನ ಪ್ರದರ್ಶನದಲ್ಲಿ ಜಾವಾ 500 ಹೊರಬಂದಿತು. ಅದೇ ತಿಂಗಳು ನ್ಯೂಯಾರ್ಕಿನ ಶೇರುಪೇಟೆ ಕುಸಿದು, ಜಗತ್ತಿನಾದ್ಯಂತ ಆರ್ಥಿಕ ಕುಸಿತ ಆರಂಭವಾಯಿತು. ವಾಹನ ಭಾರವಾಗಿತ್ತು, ದುಬಾರಿಯಾಗಿತ್ತು, ಆರಂಭದ ದೋಷಗಳೂ ಇದ್ದವು. ಮಾರಾಟ ನಿರೀಕ್ಷಿಸಿದಷ್ಟು ಆಗಲಿಲ್ಲ.

ಯಾನೆಚೆಕ್ ಅವರ ಜೀವನದ ಮುಖ್ಯ ತಿರುವು ಈ ಸೋಲಿನ ನಂತರ ಕಾಣುತ್ತದೆ. ಅವರು ಇಂಗ್ಲೆಂಡಿನ ಎಂಜಿನಿಯರ್ ಜಾರ್ಜ್ ವಿಲಿಯಂ ಪ್ಯಾಚೆಟ್ ಅವರನ್ನು ಸಂಸ್ಥೆಗೆ ಕರೆತಂದರು. 1932ರಲ್ಲಿ ಇಂಗ್ಲೆಂಡಿನ ವಿಲಿಯರ್ಸ್ ಮಾದರಿಯ ಟೂ-ಸ್ಟ್ರೋಕ್ ಎಂಜಿನ್ ಅಳವಡಿಸಿದ ಜಾವಾ 175 ಮಾರುಕಟ್ಟೆಗೆ ಬಂದಿತು. ಅದು ಹಗುರವಾಗಿತ್ತು, ಅಗ್ಗವಾಗಿತ್ತು. ಇಂತಹ ಎಂಜಿನ್ನಿನಲ್ಲಿ ವಾಲ್ವ್‌ಗಳಿಲ್ಲ. ಚಲಿಸುವ ಮುಖ್ಯ ಭಾಗಗಳೆಂದರೆ ಪಿಸ್ಟನ್, ಕನೆಕ್ಟಿಂಗ್ ರಾಡ್ ಮತ್ತು ಕ್ರ್ಯಾಂಕ್ ಮಾತ್ರ. ಎಂಜಿನ್ನಿಗೆ ಬೇಕಾದ ಎಣ್ಣೆಯನ್ನು ಪೆಟ್ರೋಲಿನೊಂದಿಗೇ ಬೆರೆಸಿ ಹಾಕುವುದರಿಂದ ಅದಕ್ಕೆ ಪ್ರತ್ಯೇಕ ಪಂಪ್ ಬೇಕಿಲ್ಲ. ಸಾಧಾರಣ ಉಪಕರಣಗಳಿರುವ ಸಣ್ಣ ಊರಿನ ಫಿಟ್ಟರ್ ಕೂಡ ಇದನ್ನು ಬಿಚ್ಚಿ ಜೋಡಿಸಬಲ್ಲ. ಶ್ರೀಮಂತರ ಭಾರಿ ವಾಹನವನ್ನು ಕೈಬಿಟ್ಟು ಸಾಮಾನ್ಯರ ವಾಹನದತ್ತ ಹೊರಳಿದ ಈ ನಿರ್ಧಾರವೇ ಸಂಸ್ಥೆಯನ್ನು ಉಳಿಸಿತು. ಮುಂದೆ ದಶಕಗಳ ಕಾಲ ಜಾವಾ ಎಂದರೆ ಟೂ-ಸ್ಟ್ರೋಕ್ ಎಂಬ ಗುರುತೂ ಇಲ್ಲಿಂದಲೇ ಮೊದಲಾಯಿತು.

ಪ್ಯಾಚೆಟ್ ಅವರ ಮುಂದಿನ ಹಾದಿ ಯಾನೆಚೆಕ್ ಅವರದಕ್ಕೆ ವಿರುದ್ಧ ದಿಕ್ಕಿನದು. ಇಂಗ್ಲೆಂಡಿಗೆ ಮರಳಿದ ಅವರು ಸ್ಟರ್ಲಿಂಗ್ ಸಬ್‌ಮಷೀನ್‌ಗನ್ ವಿನ್ಯಾಸಗೊಳಿಸಿದರು. ಭಾರತದ ಸೈನಿಕರೂ ಪೊಲೀಸರೂ ದೀರ್ಘಕಾಲ ಬಳಸಿದ ಕಾರ್ಬೈನ್ ಇದರದೇ ರೂಪ.

1930ರ ದಶಕದಲ್ಲಿ ಜಾವಾ ವಾಹನಗಳು ಐಲ್ ಆಫ್ ಮ್ಯಾನ್‌ನ ಪ್ರಸಿದ್ಧ ಸ್ಪರ್ಧೆಗೂ ಹೋದವು. 1934ರಿಂದ ಸಂಸ್ಥೆ ಜರ್ಮನಿಯ ಡಿಕೆಡಬ್ಲ್ಯು ಪರವಾನಗಿಯಡಿ ಕಾರುಗಳನ್ನೂ ತಯಾರಿಸಿತು. 1937ರಲ್ಲಿ ಜಾವಾ ಮೈನರ್ ಎಂಬ ಸಣ್ಣ ಕಾರು ಹಾಗೂ ರೋಬೋಟ್ ಎಂಬ ಪುಟ್ಟ ಮೋಟಾರ್‌ಸೈಕಲ್ ಬಂದವು.

ಆಕ್ರಮಣದ ವರ್ಷಗಳು ಮತ್ತು ನಿಧನ

1939ರ ಮಾರ್ಚ್‌ನಲ್ಲಿ ಜರ್ಮನ್ ಸೈನ್ಯವು ಬೊಹೀಮಿಯಾವನ್ನು ಆಕ್ರಮಿಸಿತು. ಕಾರ್ಖಾನೆಯು ಯುದ್ಧದ ಕೆಲಸಕ್ಕೆ ಒಳಗಾಗಿ, ಮೋಟಾರ್‌ಸೈಕಲ್ ತಯಾರಿಕೆ ನಿಂತಿತು. ಆದರೂ ಸಂಸ್ಥೆಯ ತಂತ್ರಜ್ಞರು ಯುದ್ಧ ಮುಗಿದ ನಂತರದ ದಿನಗಳಿಗಾಗಿ ಹೊಸ 250 ಸಿಸಿ ವಾಹನವೊಂದನ್ನು ಗುಟ್ಟಾಗಿ ಸಿದ್ಧಪಡಿಸುತ್ತಿದ್ದರು. ಯಾನೆಚೆಕ್ ಅವರು 1941ರ ಜೂನ್ 4ರಂದು, ತಮ್ಮ 63ನೆಯ ವಯಸ್ಸಿನಲ್ಲಿ ನಿಧನರಾದರು. ಆ ವಾಹನ ಬೀದಿಗಿಳಿದದ್ದನ್ನು ಅವರು ನೋಡಲಿಲ್ಲ.

1946ರಲ್ಲಿ ಬೆಳಕಿಗೆ ಬಂದ ಆ ಮೋಟಾರ್‌ಸೈಕಲ್ಲಿಗೆ ಪೆರಾಕ್ ಎಂಬ ಹೆಸರು ನಿಂತಿತು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಸ್ಪ್ರಿಂಗ್ ವ್ಯವಸ್ಥೆ ಇದ್ದುದರಿಂದ ಈ ಹೆಸರು. ಯುದ್ಧಾನಂತರ ಸಂಸ್ಥೆಯನ್ನು ರಾಷ್ಟ್ರೀಕರಣಗೊಳಿಸಲಾಯಿತು. ಯಾನೆಚೆಕ್ ಕುಟುಂಬದ ಒಡೆತನ ಹೋಯಿತು, ಹೆಸರಿನ ಅರ್ಧಭಾಗ ಪೆಟ್ರೋಲ್ ಟ್ಯಾಂಕಿನ ಮೇಲೆ ಉಳಿಯಿತು.

ಕಚ್ಚಾ ದಾರಿಯ ಸ್ಪರ್ಧೆಗಳಲ್ಲಿ ಜಾವಾ

ಜಾವಾ ವಾಹನಗಳ ಗಟ್ಟಿತನ ಜಗತ್ತಿಗೆ ತಿಳಿದದ್ದು ಮುಖ್ಯವಾಗಿ ಡಾಂಬರು ಇಲ್ಲದ ದಾರಿಗಳಲ್ಲಿ. ಬೆಟ್ಟ, ಕೆಸರು, ಕಾಡುದಾರಿಗಳಲ್ಲಿ 6 ದಿನ ಸತತವಾಗಿ ನಡೆಯುತ್ತಿದ್ದ ಅಂತರರಾಷ್ಟ್ರೀಯ ಸ್ಪರ್ಧೆಯು 1947ರಲ್ಲಿ ಚೆಕೊಸ್ಲೊವಾಕಿಯದ ಜ್ಲಿನ್ ನಗರದಲ್ಲಿ ಜರುಗಿದಾಗ, ಆತಿಥೇಯ ದೇಶವೇ ಪ್ರಮುಖ ಟ್ರೋಫಿಯನ್ನು ಗೆದ್ದುಕೊಂಡಿತು. 1970ರ ದಶಕದಲ್ಲಿಯೂ ಚೆಕ್ ತಂಡಗಳು ಇದೇ ಟ್ರೋಫಿಯನ್ನು ಹಲವು ಬಾರಿ ಪಡೆದವು. ಮೋಟೋಕ್ರಾಸ್‌ನಲ್ಲಿ ಅದೇ ದೇಶದ ಚೆಜೆಟ್ ಸಂಸ್ಥೆಯ ವಾಹನಗಳು 1960ರ ದಶಕದಲ್ಲಿ ವಿಶ್ವ ಪ್ರಶಸ್ತಿಗಳನ್ನು ಗೆದ್ದವು. ಇವೆಲ್ಲವೂ ಯಾನೆಚೆಕ್ ನಿಧನರಾದ ನಂತರದ ಸಾಧನೆಗಳಾದ್ದರಿಂದ ಅವರ ಖಾತೆಗೆ ನೇರವಾಗಿ ಸೇರಿಸಲಾಗದು. ಆದರೆ ಹಗುರವಾದ, ಸರಳವಾದ ಟೂ-ಸ್ಟ್ರೋಕ್ ಯಂತ್ರವನ್ನು ನೆಚ್ಚಿಕೊಳ್ಳುವ ಪರಿಪಾಠವನ್ನು ಜಾವಾದಲ್ಲಿ ಆರಂಭಿಸಿದವರು ಅವರೇ.

ಮೈಸೂರಿನ ಜಾವಾ

ಭಾರತದಲ್ಲಿ ಜಾವಾ ವಾಹನಗಳು 1950ರ ದಶಕದಲ್ಲಿ ಆಮದಾಗುತ್ತಿದ್ದವು. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅವರು ಮೈಸೂರಿನಲ್ಲಿ 1960ರಲ್ಲಿ ಐಡಿಯಲ್ ಜಾವಾ ಸಂಸ್ಥೆಯನ್ನು ಸ್ಥಾಪಿಸಿದರು. ಯಾದವಗಿರಿಯ ಕಾರ್ಖಾನೆಯನ್ನು ಅಂದಿನ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅವರು 1961ರಲ್ಲಿ ಉದ್ಘಾಟಿಸಿದರು. 1970ರ ದಶಕದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಬಂದಿತು. ಇರಾನಿನ ಯಜ್ದ್ ನಗರದಿಂದ ಬಂದ ಹೆಸರಿದು. 1978ರಲ್ಲಿ ರೋಡ್‌ಕಿಂಗ್ ಮಾದರಿ ಹೊರಬಂದಿತು. ಮೋಟೋಕ್ರಾಸ್ ಮತ್ತು ರ‍್ಯಾಲಿಗಳಲ್ಲಿ ಯೆಜ್ಡಿಗಳನ್ನು ಮಾರ್ಪಡಿಸಿ ಓಡಿಸುವ ರೂಢಿಯೂ ಬೆಳೆಯಿತು.

ಮೈಸೂರಿನ ಈ 250 ಸಿಸಿ ವಾಹನಗಳಿಗೆ ಒಂದೇ ಸಿಲಿಂಡರ್ ಇದ್ದರೂ ಎರಡು ಸೈಲೆನ್ಸರ್‌ಗಳಿದ್ದವು. ಎಡಗಾಲಿನ ಬಳಿಯ ಒಂದೇ ಸನ್ನೆ ಕಿಕ್ಕರ್ ಆಗಿಯೂ ಗೇರ್ ಆಗಿಯೂ ಕೆಲಸ ಮಾಡುತ್ತಿತ್ತು: ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿ ಎಂಜಿನ್ ಚಾಲೂ ಮಾಡಬೇಕು, ನಂತರ ಕೆಳಗಿಳಿಸಿ ಗೇರ್ ಹಾಕಬೇಕು. ಗೇರ್ ಬದಲಿಸುವಾಗ ಕ್ಲಚ್ ತಾನಾಗಿಯೇ ಬಿಡುಗಡೆಯಾಗುವ ವ್ಯವಸ್ಥೆಯೂ ಇತ್ತು. ಹೊಸಬರಿಗೆ ಇದು ಸುಲಭವಾಗಿ ಒಗ್ಗುತ್ತಿರಲಿಲ್ಲ.

ಜಪಾನಿ ತಂತ್ರಜ್ಞಾನದ 100 ಸಿಸಿ ವಾಹನಗಳು 1980ರ ದಶಕದಲ್ಲಿ ಭಾರತಕ್ಕೆ ಬಂದವು. ಇಂಧನ ಮಿತವ್ಯಯದಲ್ಲಿ ಅವುಗಳೊಂದಿಗೆ ಯೆಜ್ಡಿ ಪೈಪೋಟಿ ನಡೆಸಲಾಗಲಿಲ್ಲ. ಹೊಗೆಯ ಮಿತಿ ಕುರಿತ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಪರಿಸರದಲ್ಲಿ

ಕಾರ್ಖಾನೆ ಮುಚ್ಚಿದ ಮರುವರ್ಷ, 1997ರಲ್ಲಿ ಧಾರವಾಡ ಜಿಲ್ಲೆಯಿಂದ ಹಾವೇರಿ ಜಿಲ್ಲೆ ರಚನೆಯಾಯಿತು. ಆದ್ದರಿಂದ ಮೈಸೂರಿನ ಜಾವಾ ಮತ್ತು ಯೆಜ್ಡಿಗಳ ಕಾಲವೆಲ್ಲವೂ ಈ ಭಾಗದ ಪಾಲಿಗೆ ಅವಿಭಜಿತ ಧಾರವಾಡದ ಕಾಲ. ಪುಣೆ–ಬೆಂಗಳೂರು ಹೆದ್ದಾರಿಯು ಹಾವೇರಿ, ಮೋಟೆಬೆನ್ನೂರು, ರಾಣೇಬೆನ್ನೂರುಗಳ ಮೂಲಕ ಹಾದುಹೋಗುತ್ತದೆ. ಮೆಣಸಿನಕಾಯಿ ಮಾರುಕಟ್ಟೆಗೆ ಹೆಸರಾದ ಬ್ಯಾಡಗಿ ಹೆದ್ದಾರಿಯಿಂದ ಒಳಗಿದೆ. ಹೆದ್ದಾರಿ ಬಿಟ್ಟು ಹೊಲದ ದಾರಿ ಹಿಡಿದರೆ ಹಲವೆಡೆ ಎರೆಮಣ್ಣು. ಮಳೆಗಾಲದಲ್ಲಿ ಈ ಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಚಕ್ರವನ್ನೇ ಕಟ್ಟಿಹಾಕುತ್ತದೆ. ಬೇಸಿಗೆಯಲ್ಲಿ ಒಡೆದು ಬಿರುಕು ಬಿಡುತ್ತದೆ. ಕಂಪನಿ ಇದನ್ನು ಕಚ್ಚಾ ದಾರಿಯ ವಾಹನವೆಂದು ಮಾರದಿದ್ದರೂ, ಇಂತಹ ನೆಲದಲ್ಲಿ ಮೋಟಾರ್‌ಸೈಕಲ್ ಇಟ್ಟುಕೊಂಡವರಿಗೆ ಕಚ್ಚಾ ದಾರಿ ಆಟವಲ್ಲ, ದಿನನಿತ್ಯದ ದಾರಿ.

ತಯಾರಿಕೆ ನಿಂತ ವಾಹನವನ್ನು ಇಟ್ಟುಕೊಳ್ಳುವುದು ಬೇರೆಯೇ ಕಷ್ಟ. ಕಂಪನಿಯ ಹೊಸ ಬಿಡಿಭಾಗ ಬರುವುದಿಲ್ಲ. ಸಿಲಿಂಡರ್ ಸವೆದರೆ ಬೋರಿಂಗ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಿಸಬೇಕು. ಇದನ್ನು ಕೆಲವು ಬಾರಿ ಮಾತ್ರ ಮಾಡಬಹುದು, ನಂತರ ಸಿಲಿಂಡರಿನೊಳಗೆ ಹೊಸ ಸ್ಲೀವ್ ಕೂರಿಸಬೇಕು. ಕ್ರ್ಯಾಂಕ್‌ಕೇಸಿನ ಸೀಲ್ ಹೋದರೆ ಗಾಳಿ ಸೋರಿ ಎಂಜಿನ್ ಸರಿಯಾಗಿ ನಡೆಯದು. ಪಾಯಿಂಟ್ ಅಂತರ ತಪ್ಪಿದರೆ ಕಿಕ್ ಹೊಡೆದು ಕಾಲು ಸೋಲುವುದೊಂದೇ ಫಲ. ಎಣ್ಣೆ ಕಡಿಮೆ ಬೆರೆಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ ಕರಿ ಹಿಡಿಯುತ್ತದೆ. ಲೇತ್ ಯಂತ್ರ ಬಲ್ಲವರು ಹತ್ತಿರದಲ್ಲಿದ್ದರೆ ಗಾಡಿ ಬದುಕುತ್ತದೆ. 1932ರಲ್ಲಿ ಯಾನೆಚೆಕ್ ಆರಿಸಿಕೊಂಡ ಸರಳ ಎಂಜಿನ್ನಿನ ಪ್ರಯೋಜನ ಇಲ್ಲಿ ನೇರವಾಗಿ ಕಾಣುತ್ತದೆ: ಶಾಫ್ಟ್ ರವಾನೆಯ ಆ ಮೊದಲ 500 ಸಿಸಿ ವಾಹನವನ್ನು ಕಂಪನಿಯ ನೆರವಿಲ್ಲದೆ ಹೀಗೆ ಓಡಿಸುತ್ತಿರುವುದು ಬಹಳ ಕಷ್ಟವಾಗುತ್ತಿತ್ತು.

ದಾಖಲೆಗಳ ವಿಷಯವೂ ಇದೆ. ದ್ವಿಚಕ್ರ ವಾಹನದ ನೋಂದಣಿ 15 ವರ್ಷಗಳಿಗೆ ಮುಗಿಯುತ್ತದೆ. ಬಳಿಕ 5 ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಅಂತಹ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. 1960ರ ದಶಕದ ಮೈಸೂರು ಜಾವಾಗಳು ಈ ವರ್ಗಕ್ಕೆ ಸಲ್ಲುತ್ತವೆ. ಮೊದಲ ರೋಡ್‌ಕಿಂಗ್‌ಗಳು 2028ರಲ್ಲಿ 50 ತುಂಬುತ್ತವೆ.

ಹೆಸರಿನ ಮರುಬಳಕೆ

ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಹಳೆಯ ವಾಹನಗಳ ಮಾಲೀಕರು ಜಾವಾ-ಯೆಜ್ಡಿ ದಿನವಾಗಿ ಆಚರಿಸುತ್ತಾರೆ. 2018ರಲ್ಲಿ ಮಹೀಂದ್ರ ಸಮೂಹದ ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆಯು ಜಾವಾ ಹೆಸರನ್ನು ಭಾರತದ ಮಾರುಕಟ್ಟೆಗೆ ಮರಳಿ ತಂದಿತು. ಪೆರಾಕ್ ಹೆಸರೂ ಹೊಸ ಮಾದರಿಯೊಂದಕ್ಕೆ ಬಂದಿತು. 2022ರ ಜನವರಿಯಲ್ಲಿ ಯೆಜ್ಡಿ ಹೆಸರಿನಲ್ಲಿ ಬಿಡುಗಡೆಯಾದ 3 ಮಾದರಿಗಳಲ್ಲಿ ಸ್ಕ್ರ್ಯಾಂಬ್ಲರ್ ಮತ್ತು ಅಡ್ವೆಂಚರ್ ಎಂಬ ಎರಡು ಕಚ್ಚಾ ದಾರಿಗೂ ಹೊಂದುವಂತೆ ರೂಪಿಸಿದವು. ಇವೆಲ್ಲವೂ ಫೋರ್-ಸ್ಟ್ರೋಕ್ ಎಂಜಿನ್ನಿನ ವಾಹನಗಳು; ಇವುಗಳ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕಾಗಿಲ್ಲ.