ಬಾವಲಿ ಕುರುಡೇ? ಅದರ ಒಂದೊಂದೇ ಇಂದ್ರಿಯ ಮುಚ್ಚಿ ನೋಡಿದ ಪಾದ್ರಿಯ ಕಥೆ

ಸಕಲೇಶಪುರ, ಆಲೂರು ಕಡೆಯ ಹೆಂಚಿನ ಮನೆಗಳಿಗೆ ಸಂಜೆ ಹೊತ್ತು ಬಾವಲಿ ನುಗ್ಗುವುದು ಹೊಸದೇನಲ್ಲ. ನುಗ್ಗಿದ ಕೂಡಲೇ ಹೆಂಗಸರು ತಲೆಗೆ ಸೆರಗು ಹೊದ್ದುಕೊಳ್ಳುತ್ತಾರೆ, ಮಕ್ಕಳು ಮಂಚದಡಿ ಸೇರುತ್ತಾರೆ. ಅದಕ್ಕೆ ಕಣ್ಣು ಕಾಣದು, ಕೂದಲಿಗೆ ಸಿಕ್ಕಿಕೊಳ್ಳುತ್ತದೆ, ರಕ್ತದ ವಾಸನೆ ಹಿಡಿದು ಬರುತ್ತದೆ ಎಂಬ ಮಾತುಗಳು ಈಗ ಫೋನಿಗೂ ಬರುತ್ತಿವೆ.

ಹಾಗಾದರೆ ಕತ್ತಲಲ್ಲಿ ಬಾವಲಿ ದಾರಿ ಕಂಡುಕೊಳ್ಳುವುದು ಹೇಗೆ? ಇದನ್ನು ಮೊದಲು ಹಟ ಹಿಡಿದು ಪರೀಕ್ಷಿಸಿದವರು ಇಟಲಿಯ ಲಜಾರೊ ಸ್ಪಲ್ಲಾಂಜಾನಿ. ಹುಟ್ಟಿದ್ದು 1729ರಲ್ಲಿ, ಸ್ಕಾಂಡಿಯಾನೊ ಎಂಬ ಊರಲ್ಲಿ. ತಂದೆ ವಕೀಲರು. ಮಗನೂ ಕಾನೂನು ಓದಲೆಂದು ಬೊಲೊನ್ಯಾಗೆ ಹೋದ. ಅಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಲಾರಾ ಬಾಸ್ಸಿ ಸಂಬಂಧದಲ್ಲಿ ಅಕ್ಕನಾಗಬೇಕು. ಆಕೆಯ ಒಡನಾಟದಲ್ಲಿ ಕಾನೂನು ಹಿಂದೆ ಬಿತ್ತು, ವಿಜ್ಞಾನ ಮುಂದೆ ಬಂತು. ಮುಂದೆ ಪಾದ್ರಿಯೂ ಆದರು. 1769ರಿಂದ ಪಾವಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು.

ಅವರ ಪ್ರಯೋಗಗಳು ಒಂದಕ್ಕಿಂತ ಒಂದು ವಿಚಿತ್ರ. ಸಾರನ್ನು ಚೆನ್ನಾಗಿ ಕುದಿಸಿ ಗಾಳಿಯಾಡದಂತೆ ಮುಚ್ಚಿಟ್ಟರೆ ಸೂಕ್ಷ್ಮಜೀವಿಗಳು ತಾವಾಗಿ ಹುಟ್ಟುವುದಿಲ್ಲ ಎಂದು ತೋರಿಸಿದರು. ಜೀರ್ಣಕ್ರಿಯೆ ತಿಳಿಯಲು ಆಹಾರ ತುಂಬಿದ ಬಟ್ಟೆಯ ಪುಟ್ಟ ಚೀಲಗಳನ್ನು ತಾವೇ ನುಂಗಿದರು. ಗಂಡು ಕಪ್ಪೆಗಳಿಗೆ ಚಡ್ಡಿ ಹೊಲಿದು ತೊಡಿಸಿದ್ದೂ ಉಂಟು! ವೀರ್ಯ ತಗುಲದಿದ್ದರೆ ಮೊಟ್ಟೆ ಮರಿಯಾಗುತ್ತದೋ ಇಲ್ಲವೋ ನೋಡಲು. ಮರಿಯಾಗಲಿಲ್ಲ. ಆದರೆ ವೀರ್ಯಾಣುವಿಗೆ ಅದರಲ್ಲಿ ಪಾತ್ರವಿಲ್ಲ ಎಂದುಕೊಂಡು ಅಲ್ಲಿ ತಪ್ಪಿದರು.

ಬಾವಲಿಯ ಕಡೆ ತಿರುಗಿದ್ದು 1793ರಲ್ಲಿ, ಅರವತ್ತು ದಾಟಿದ ಮೇಲೆ. ನಮ್ಮ ಕಡೆ ಮಂಜರಾಬಾದ್ ಕೋಟೆಯ ಕೆಲಸ ಮುಗಿದು ಆಗ ಒಂದು ವರ್ಷ. ಮೇಣದ ಬತ್ತಿ ಆರಿದರೆ ಅವರ ಗೂಬೆ ಗೋಡೆಗೆ ಬಡಿದುಕೊಳ್ಳುತ್ತಿತ್ತು. ಬಾವಲಿ ಮಾತ್ರ ಆ ಕತ್ತಲಲ್ಲೂ ಆರಾಮಾಗಿ ಹಾರುತ್ತಿತ್ತು. ತಲೆಗೆ ಮುಸುಕು ಹಾಕಿದರೆ ಅದೂ ಬಡಿದುಕೊಂಡಿತು. ಸರಿ, ಕಣ್ಣೇ ಇರಬೇಕು ಅನ್ನಬಹುದು. ಆದರೆ ಆಚೆ ಕಾಣುವಷ್ಟು ತೆಳ್ಳನೆ ಮುಸುಕು ಹಾಕಿದಾಗಲೂ ಅದಕ್ಕೆ ಕಷ್ಟವಾಯಿತು. ಆಗ ಅವರು ಮಾಡಿದ್ದು ಓದಲು ಹಿತವಾದದ್ದಲ್ಲ: ಬಾವಲಿಗಳ ಕಣ್ಣನ್ನೇ ತೆಗೆದರು. ಇವತ್ತು ಯಾವ ಸಂಸ್ಥೆಯೂ ಇದಕ್ಕೆ ಅನುಮತಿ ಕೊಡದು, ಕೊಡಬಾರದು ಕೂಡ. ಆ ಕುರುಡು ಬಾವಲಿಗಳು ಕಟ್ಟಿದ ದಾರಗಳಿಗೂ ತಾಗದೆ ಹಾರಿದವು. ಹೊರಗೆ ಬಿಟ್ಟವುಗಳಲ್ಲಿ ಕೆಲವನ್ನು ಮತ್ತೆ ಹಿಡಿದು ನೋಡಿದರೆ, ಬೇರೆ ಬಾವಲಿಗಳಂತೆಯೇ ಹೊಟ್ಟೆ ತುಂಬ ಹುಳು.

ಆಮೇಲೆ ಒಂದೊಂದೇ ಇಂದ್ರಿಯದ ಸರದಿ. ಸ್ಪರ್ಶವಿರಬಹುದೆಂದು ಮೈಗೆ ವಾರ್ನಿಷ್ ಬಳಿದರು, ಹಾರಿತು. ನಾಲಗೆ ಕತ್ತರಿಸಿದರು, ಹಾರಿತು. ಮೂಗು ಮುಚ್ಚಿದಾಗ ಕೆಳಗೆ ಬಿತ್ತು, ಆದರೆ ಅದು ಉಸಿರುಕಟ್ಟಿ. ಮೂಗಿನ ಬಳಿ ಘಾಟು ವಾಸನೆ ಇಟ್ಟು ಉಸಿರಾಡಲು ಬಿಟ್ಟಾಗ ಮತ್ತೆ ಹಾರಿತು. ಅಂದರೆ ದಾರಿ ತೋರುವುದು ವಾಸನೆಯೂ ಅಲ್ಲ, ರುಚಿಯೂ ಅಲ್ಲ. ನಮಗಿಲ್ಲದ ಆರನೆಯ ಇಂದ್ರಿಯವೊಂದು ಬಾವಲಿಗೆ ಇರಬೇಕು ಎಂದು ಅವರು ಯೋಚಿಸಿದರು.

ಅಷ್ಟರಲ್ಲಿ ಜಿನೀವಾದ ವೈದ್ಯ ಲೂಯಿ ಜುರಿನ್ ಬಾವಲಿಯ ಕಿವಿ ಮುಚ್ಚಿ ನೋಡಿದ್ದರು. ಅದು ಎಲ್ಲದಕ್ಕೂ ಡಿಕ್ಕಿ ಹೊಡೆಯಿತು. ಸ್ಪಲ್ಲಾಂಜಾನಿಗೆ ಇದು ಸುಲಭದ ಸುದ್ದಿಯಲ್ಲ, ಅವರದೇ ಊಹೆ ಬಿದ್ದುಹೋಗುತ್ತಿತ್ತು. ಆದರೂ ತಾವೇ ಮಾಡಿ ನೋಡಿದರು. ಕಿವಿಗೆ ಪುಟ್ಟ ಹಿತ್ತಾಳೆ ಕೊಳವೆ ಇಟ್ಟರು. ಕೊಳವೆ ತೆರೆದಿದ್ದರೆ ಬಾವಲಿ ಹಾರುತ್ತದೆ, ಮುಚ್ಚಿದರೆ ಎಡವುತ್ತದೆ. ಆರನೆಯ ಇಂದ್ರಿಯದ ಮಾತನ್ನು ಕೈಬಿಟ್ಟು ಕಿವಿಯೇ ಎಂದು ಒಪ್ಪಿಕೊಂಡರು. ನಮಗೆ ಈ ಮನುಷ್ಯ ಇಷ್ಟವಾಗುವುದು ಇಲ್ಲಿ.

ಆದರೆ ಜಗತ್ತು ಒಪ್ಪಲಿಲ್ಲ. ಸದ್ದೇ ಮಾಡದೆ ಹಾರುವ ಪ್ರಾಣಿ ಕಿವಿಯಿಂದ ಏನನ್ನು ಕೇಳಿಸಿಕೊಳ್ಳುತ್ತದೆ? ಪ್ಯಾರಿಸ್ಸಿನ ಕ್ಯುವಿಯೇ ದೊಡ್ಡ ಹೆಸರಿನ ವಿಜ್ಞಾನಿ. ತಾವು ಪ್ರಯೋಗ ಮಾಡದೆಯೇ, ಅದು ರೆಕ್ಕೆಯ ಸ್ಪರ್ಶ ಎಂದುಬಿಟ್ಟರು. ದೊಡ್ಡವರು ಹೇಳಿದರಲ್ಲ, ಪುಸ್ತಕಗಳೆಲ್ಲ ಅದನ್ನೇ ಫಾರ್ವರ್ಡ್ ಮಾಡಿದವು. ಸ್ಪಲ್ಲಾಂಜಾನಿ 1799ರ ಫೆಬ್ರವರಿಯಲ್ಲಿ ತೀರಿಕೊಂಡರು, ಶ್ರೀರಂಗಪಟ್ಟಣದಲ್ಲಿ ಟಿಪ್ಪು ಮಡಿಯುವ ಮೂರು ತಿಂಗಳ ಮುಂಚೆ. ಬಾವಲಿಯ ಸದ್ದು ಸಿಕ್ಕಿದ್ದು 1938ರಲ್ಲಿ. ಹಾರ್ವರ್ಡಿನ ವಿದ್ಯಾರ್ಥಿ ಡೊನಾಲ್ಡ್ ಗ್ರಿಫಿನ್, ಪ್ರಾಧ್ಯಾಪಕ ಪಿಯರ್ಸ್ ಅವರ ಯಂತ್ರದ ಮುಂದೆ ಬಾವಲಿ ಇಟ್ಟಾಗ ನಮ್ಮ ಕಿವಿಗೆ ಕೇಳದಷ್ಟು ಕೀಚಲು ದನಿ ದಾಖಲಾಯಿತು. ತನ್ನದೇ ಕೂಗಿನ ಮರುದನಿ ಕೇಳಿ ಬಾವಲಿ ದಾರಿ ಹಿಡಿಯುತ್ತದೆ.

ಹಾಗಾದರೆ ಮೂಗು, ನಾಲಗೆ? ಹೋರಿಯೊಂದು ಹಸುವಿನ ಗಂಜಲ ಮೂಸಿ ಮೇಲ್ತುಟಿ ಎತ್ತಿ ನಿಲ್ಲುವುದನ್ನು ನೀವು ನೋಡಿರುತ್ತೀರಿ. ಆಗ ಕೆಲಸ ಮಾಡುವುದು ಮೂಗಿನ ಬುಡದ ಜಾಕೋಬ್ಸನ್ ಅಂಗ. ತನ್ನ ಜಾತಿಯವರ ರಾಸಾಯನಿಕ ಸುಳಿವು ಹಿಡಿಯುವುದು ಅದರ ಕೆಲಸ. ಅದಕ್ಕೆ ಬೇಕಾದ ಒಂದು ಜೀನ್ ಬಹುತೇಕ ಬಾವಲಿಗಳಲ್ಲಿ ಕೆಟ್ಟು ನಿಂತಿದೆ ಎಂದು 2011ರ ಅಧ್ಯಯನ ತೋರಿಸಿತು. ಮನುಷ್ಯರಲ್ಲೂ ಅದು ಕೆಟ್ಟಿದೆ. ಮಾಂಸದ ಸಾರಿನಲ್ಲಿ ಸಿಗುವ ಉಮಾಮಿ ಎಂಬ ರುಚಿಯ ಜೀನ್ ಪರೀಕ್ಷಿಸಿದ ಎಲ್ಲ ಬಾವಲಿಗಳಲ್ಲೂ ಹೋಗಿದೆ. ರಕ್ತ ಕುಡಿಯುವ ಬಾವಲಿಗಳಿಗೆ ಸಿಹಿಯೂ ತಿಳಿಯದು. ಅವು ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ, ನಮ್ಮ ಘಟ್ಟದಲ್ಲಿ ಒಂದೂ ಇಲ್ಲ.

ಕಿವಿ ಚುರುಕಾಯಿತು, ಅದಕ್ಕೇ ಮೂಗು ಹೋಯಿತು ಎಂದು ಸರಳವಾಗಿ ಹೇಳಲಾಗದು. ಮರುದನಿ ಬಳಸುವ ಕೆಲವು ಬಾವಲಿಗಳಲ್ಲಿ ಈ ಅಂಗ ಉಳಿದಿದೆ. ಅತ್ತ, ಕಾಫಿ ತೋಟದ ಅತ್ತಿ, ಸೀಬೆ ಹುಡುಕಿ ಬರುವ ಹಣ್ಣುಬಾವಲಿಗಳು ಮರುದನಿ ನಂಬಿದವಲ್ಲ, ಆದರೂ ಅದನ್ನು ಕಳೆದುಕೊಂಡಿವೆ. ಹಾಗೆಂದು ಅವುಗಳಿಗೆ ವಾಸನೆ ತಿಳಿಯದು ಎಂದಲ್ಲ. ಮಾಗಿದ ಹಣ್ಣಿನ ವಾಸನೆಯನ್ನು ಅವು ಚೆನ್ನಾಗಿಯೇ ಹಿಡಿಯುತ್ತವೆ, ಕಣ್ಣೂ ಚೆನ್ನಾಗಿ ಕಾಣುತ್ತದೆ.

ಮನೆಗೆ ಬಾವಲಿ ಬಂದರೆ ಒಳಗಿನ ದೀಪ ಆರಿಸಿ, ಕಿಟಕಿ ಬಾಗಿಲು ತೆರೆದಿಡಿ, ತಾನೇ ಹೋಗುತ್ತದೆ. ಬರಿಗೈಯಲ್ಲಿ ಹಿಡಿಯಬೇಡಿ, ಅದು ಕಚ್ಚಿಬಿಟ್ಟ ಹಣ್ಣನ್ನೂ ತಿನ್ನಬೇಡಿ.